ಬೇಸಗೆಯ ವಿಹಾರ: ಕಡಲನ್ನು ನೋಡಿ ಇಳಿಯುವುದು

ಬೇಸಗೆ ಕಾಲಿಟ್ಟಿತೆಂದರೆ ಅಚ್ಯುತಾಪುರಂನಲ್ಲಿರುವ ನಮ್ಮವರಿಗೆ ಎರಡೇ ತಂಪು. ಒಂದು ಈ ವಾಚನಾಲಯದ ಫ್ಯಾನಿನ ಕೆಳಗಿನ ಬೆಂಚು, ಇನ್ನೊಂದು ಕಡಲ ದಂಡೆ. ಬೆಂಚಿನಲ್ಲಿ ಜಾಗ ಸಿಗದವರು ದಂಡೆಗೆ ಹೋಗುತ್ತಾರೆ. ವಾರಕ್ಕೊಂದು ರಜ, ಕೈಯಲ್ಲಿ ಬಸ್ಸಿನ ಕಾಸು, ಜೊತೆಗೆ ನಾಲ್ಕು ಮಂದಿ ಗೆಳೆಯರು ಇದ್ದರೆ ಸಾಕು. ಹತ್ತಿರದಲ್ಲಿ ಪೂಡಿಮಡಕ, ತಂತಡಿ. ಸ್ವಲ್ಪ ದೂರ ಹೋದರೆ ರೇವುಪೋಲವರಂ. ಅತ್ತ ವಿಶಾಖಪಟ್ಟಣದ ಕಡೆ ಆರ್.ಕೆ. ಬೀಚು, ಋಷಿಕೊಂಡ, ಭೀಮಿಲಿ. ದೂರದೂರದ ಹಣವಂತರು ಹೋಟೆಲು ಹಿಡಿದು ಬಂದು ನೋಡುವ ಕಡಲು ನಮಗೆ ಹಿತ್ತಲಿನಲ್ಲೇ ಇದೆ.

ಇಷ್ಟಿದ್ದೂ ಈ ಲೇಖನ ಬರೆಯಲು ಬೇರೊಂದು ಕಾರಣವಿದೆ. ನಮ್ಮಲ್ಲಿ ಹೆಚ್ಚಿನವರು ಕಡಲೂರಿನವರಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿ, ಚಿತ್ರದುರ್ಗ, ತುಮಕೂರು ಕಡೆಯವರು. ಈಜು ಕಲಿತದ್ದು ಊರ ಬಾವಿಯಲ್ಲಿ, ಕೆರೆಯಲ್ಲಿ, ತುಂಗಭದ್ರೆಯ ಕಾಲುವೆಯಲ್ಲಿ. “ನನಗೆ ಈಜು ಬರುತ್ತದೆ” ಎಂದು ಇವರು ಹೇಳುವ ಮಾತು ಸುಳ್ಳಲ್ಲ. ಬಾವಿಯ ಮಟ್ಟಿಗೆ ಅದು ನಿಜ. ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಈಜುವವನು ಮಾತ್ರ ಚಲಿಸುತ್ತಾನೆ. ಕಡಲಿನಲ್ಲಿ ನೀರೇ ನಡೆಯುತ್ತದೆ, ಈಜುವವನು ಅದು ಕರೆದೊಯ್ದ ಕಡೆಗೆ ಹೋಗುತ್ತಾನೆ. 2022ರ ಜುಲೈ ತಿಂಗಳ ಕೊನೆಯಲ್ಲಿ ಪೂಡಿಮಡಕದ ದಂಡೆಯಲ್ಲಿ ನೀರಿಗಿಳಿದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡದ್ದನ್ನು ಇಲ್ಲಿ ಹಲವು ವರ್ಷಗಳಿಂದ ಇರುವವರು ಮರೆತಿಲ್ಲ. ಅವರು ಇದೇ ಸೀಮೆಯಲ್ಲಿ ಓದುತ್ತಿದ್ದ ಹುಡುಗರು. ಹೊಸದಾಗಿ ಬಂದ ನಮ್ಮವರ ಪಾಡೇನು?

ಕಡಲಿಗೆ ಹೋಗಬೇಡಿ ಎನ್ನುವುದು ಸುಲಭ. ಆದರೆ ಆ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆರು ದಿನ ಶೆಡ್ಡಿನ ಧಗೆಯಲ್ಲಿ ದುಡಿದವನಿಗೆ ಏಳನೆಯ ದಿನದ ಕಡಲ ಗಾಳಿ ಔಷಧಿಯಂತೆ. ಆದಕಾರಣ ಹೋಗುವುದು ಹೇಗೆ, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಮೊದಲು ನೋಡೋಣ. ಆಮೇಲೆ ನೀರಿಗಿಳಿಯದೆಯೂ ಸಂತೋಷ ಕೊಡುವ ಸ್ಥಳಗಳನ್ನು ಹೇಳುತ್ತೇನೆ.

ಸೆಳೆತದ ಓಣಿ

ಕೆರೆ ತುಂಬಿದಾಗ ಏನಾಗುತ್ತದೆ? ಏರಿಯ ಉದ್ದಕ್ಕೂ ನೀರು ಹರಿಯುವುದಿಲ್ಲ. ಎಲ್ಲಿ ಕೋಡಿ ಇದೆಯೋ ಅಲ್ಲಿ ಮಾತ್ರ ಭೋರ್ಗರೆದು ಹೋಗುತ್ತದೆ. ಕಡಲ ದಂಡೆಯ ವಿಷಯವೂ ಹೀಗೆಯೇ. ಅಲೆಯ ಮೇಲೆ ಅಲೆ ಬಂದು ದಂಡೆಯ ಕಡೆಗೆ ನೀರನ್ನು ತಂದು ಸುರಿಯುತ್ತಲೇ ಇರುತ್ತದೆ. ತಂದ ನೀರು ಮರಳಿ ಹೋಗಬೇಕಲ್ಲವೆ? ದಂಡೆಯಿಂದ ತುಸು ಆಚೆ, ನೀರಿನೊಳಗೆ, ಏರಿಯಂತೆ ಒಂದು ಮರಳ ದಿಣ್ಣೆ ಇರುತ್ತದೆ. ಅಲೆಗಳು ಒಡೆದು ಬಿಳಿ ನೊರೆಯಾಗುವುದು ಅದರ ಮೇಲೆ. ಆ ದಿಣ್ಣೆಯಲ್ಲಿ ಎಲ್ಲಿ ಕಂಡಿ ಬಿದ್ದಿದೆಯೋ ಅಲ್ಲಿ ಒಳಗಿನ ನೀರೆಲ್ಲ ಒಟ್ಟುಗೂಡಿ ಹೊರಕ್ಕೆ ಓಡುತ್ತದೆ. ಇದೇ ಸೆಳೆತ. ಕಡಲಿನ ಕೋಡಿ ಎಂದರೂ ಸರಿ.

ಈಗ ಇದರಲ್ಲಿರುವ ಮೋಸವನ್ನು ಗಮನಿಸಿ. ಕಂಡಿಯಿರುವಲ್ಲಿ ದಿಣ್ಣೆ ಇಲ್ಲ; ದಿಣ್ಣೆ ಇಲ್ಲದಲ್ಲಿ ಆಳ ಹೆಚ್ಚು; ಆಳ ಹೆಚ್ಚಿರುವಲ್ಲಿ ಅಲೆ ಒಡೆಯುವುದಿಲ್ಲ. ಆದ್ದರಿಂದ ಎರಡೂ ಪಕ್ಕದಲ್ಲಿ ಬಿಳಿ ನೊರೆ ಎದ್ದು ಕುಣಿಯುತ್ತಿರುವಾಗ ನಡುವೆ ಒಂದು ಓಣಿಯಷ್ಟು ಜಾಗ ಶಾಂತವಾಗಿ, ತುಸು ಕಪ್ಪಗೆ, ಕೊಳದ ಹಾಗೆ ಕಾಣುತ್ತದೆ. ಕಡಲನ್ನು ಅರಿಯದವನು ಏನು ಮಾಡುತ್ತಾನೆ? “ಅಲ್ಲಿ ಅಲೆ ಜೋರು, ಇಲ್ಲಿ ನೀರು ನಿಧಾನ” ಎಂದು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಸರಿಯಾಗಿ ಆ ಓಣಿಗೇ ಇಳಿಯುತ್ತಾನೆ. ನೊರೆ ಕಂಡಲ್ಲಿ ಹೆದರಿ ನೊರೆ ಇಲ್ಲದಲ್ಲಿ ಧೈರ್ಯ ಮಾಡುವುದು ನಮ್ಮ ಕಡೆಯವರ ಸ್ವಭಾವ. ಕಡಲಿನಲ್ಲಿ ಅದು ತಲೆಕೆಳಗು.

ಓಣಿಯನ್ನು ಗುರುತಿಸಲು ಹತ್ತು ನಿಮಿಷ ದಂಡೆಯಲ್ಲಿ ಸುಮ್ಮನೆ ನಿಂತರೆ ಸಾಕು. ಸಾಧ್ಯವಾದರೆ ಎತ್ತರದ ಮರಳಿನ ಮೇಲೆ ನಿಲ್ಲಿ. ಅಲೆಯ ಸಾಲು ಎಲ್ಲಿ ತುಂಡಾಗಿದೆ? ನೀರಿನ ಬಣ್ಣ ಎಲ್ಲಿ ಬೇರೆ? ನೊರೆ, ಕಸ, ಕೆಸರುಮರಳು ಎಲ್ಲಿ ದಂಡೆಯ ಕಡೆಗೆ ಬರದೆ ಹೊರಕ್ಕೆ ತೇಲುತ್ತಿದೆ? ಒಣಗಿದ ತೆಂಗಿನ ಚಿಪ್ಪನ್ನೋ ಕಡ್ಡಿಯನ್ನೋ ಎಸೆದು ನೋಡಬಹುದು. ಮೂರರಲ್ಲಿ ಒಂದು ಗುರುತು ಕಂಡರೂ ಆ ಜಾಗ ಬಿಟ್ಟು ದೂರ ಹೋಗಿ. ಈ ಓಣಿಗಳು ಒಂದೇ ಕಡೆ ಕಾಯಂ ಇರುವುದಿಲ್ಲ. ಮರಳು ಸರಿದ ಹಾಗೆ ಅವೂ ಸರಿಯುತ್ತವೆ. ಹೋದ ಭಾನುವಾರ ಸ್ನಾನ ಮಾಡಿದ ಜಾಗ ಎಂಬ ಆಧಾರ ಈ ಭಾನುವಾರಕ್ಕೆ ನಡೆಯದು.

ಸಿಕ್ಕಿಕೊಂಡರೆ ಏನು ಮಾಡಬೇಕು? ಇದನ್ನು ಎರಡು ಸಲ ಓದಿ. ಸೆಳೆತ ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಅದರ ವೇಗ ಸೆಕೆಂಡಿಗೆ ಎಂಟು ಅಡಿಯವರೆಗೂ ಏರುವುದುಂಟು; ಒಲಿಂಪಿಕ್ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಸಾಯುವವರು ಸೆಳೆತದಿಂದ ಸಾಯುವುದಕ್ಕಿಂತ ಅದಕ್ಕೆ ಎದುರು ಬಿದ್ದು, ದಣಿದು ಸಾಯುವುದೇ ಹೆಚ್ಚು. ಅದರ ಅಗಲವಾದರೋ ಸಾಮಾನ್ಯವಾಗಿ ಎಂಬತ್ತು ಅಡಿಗೂ ಕಡಿಮೆ. ಆದ್ದರಿಂದ ದಂಡೆಯ ಕಡೆಗೆ ಈಜದೆ, ದಂಡೆಗೆ ಸಮವಾಗಿ ಎಡಕ್ಕೋ ಬಲಕ್ಕೋ ಈಜಬೇಕು. ಓಣಿ ದಾಟಿ ನೊರೆಯಿರುವ ಕಡೆಗೆ ಬಂದೊಡನೆ ಅಲೆಗಳೇ ದಂಡೆಗೆ ತಳ್ಳುತ್ತವೆ. ಈಜಲು ಶಕ್ತಿಯಿಲ್ಲದಿದ್ದರೆ ಅಂಗಾತ ತೇಲಿ, ಒಂದು ಕೈ ಮೇಲೆತ್ತಿ ಕೂಗಬೇಕು. ಅಲೆ ಒಡೆಯುವ ಸಾಲಿನ ಆಚೆಗೆ ಸೆಳೆತದ ಬಲ ಮುಗಿಯುತ್ತದೆ. ಅಲ್ಲಿಯವರೆಗೆ ಉಸಿರು ಉಳಿಸಿಕೊಳ್ಳುವುದೇ ಕೆಲಸ.

ದಂಡೆಯಲ್ಲಿರುವವರಿಗೂ ಒಂದು ಮಾತು. ಗೆಳೆಯ ಮುಳುಗುತ್ತಿದ್ದಾನೆಂದು ಹಿಂದೆಯೇ ಧುಮುಕುವುದು ಮನುಷ್ಯಧರ್ಮವೆಂದು ತೋರುತ್ತದೆ. ಆದರೆ ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಪ್ರತಿ ಬೇಸಗೆಯಲ್ಲೂ ಓದುತ್ತೇವೆ. ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು ಎಸೆಯಿರಿ, ಟ್ಯೂಬು ಎಸೆಯಿರಿ. ಬೆಸ್ತರನ್ನು ಕೂಗಿ ಕರೆಯಿರಿ. ನಾಲ್ಕು ಜನ ಹೋಗುವಾಗ ಐದು ಲೀಟರಿನ ಖಾಲಿ ಕ್ಯಾನು ಒಂದು ಮತ್ತು ಇಪ್ಪತ್ತು ಮಾರು ಹಗ್ಗ ಚೀಲದಲ್ಲಿದ್ದರೆ ಭಾರವೇನಲ್ಲ. ಕ್ಯಾನಿನಲ್ಲಿ ಬರುವಾಗ ಕುಡಿಯುವ ನೀರನ್ನೇ ತಂದಿರಬಹುದು.

ಮುಳುಗಿದವನನ್ನು ಮೇಲೆ ತಂದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಅದು ತಪ್ಪು, ಹೊಟ್ಟೆಯ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ, ಹೊತ್ತೂ ಹಾಳಾಗುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಬೇಕು. ಬಳಿಕ ಎದೆಯ ನಡುವೆ ಎರಡು ಅಂಗೈ ಜೋಡಿಸಿ, ಎರಡು ಅಂಗುಲ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಬೇಕು. ಮೂವತ್ತು ಸಲ ಒತ್ತಿ ಎರಡು ಉಸಿರು, ಮತ್ತೆ ಮೂವತ್ತು. ಇನ್ನೊಬ್ಬರು ಆಗಲೇ 108ಕ್ಕೆ ಫೋನು ಮಾಡಿರಬೇಕು. ಈ 108ರ ಗಾಡಿ ದೇಶದಲ್ಲಿ ಮೊದಲು ಓಡಿದ್ದೇ ಆಂಧ್ರದಲ್ಲಿ, 2005ರಲ್ಲಿ.

ಉಬ್ಬರ, ಇಳಿತ, ಕಳ್ಳ ಕಡಲು

ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಂದು ಬೆಳಗ್ಗೆ ಆರಕ್ಕೆ ಉಬ್ಬರವಿದ್ದರೆ ನಾಳೆ ಆರು ಐವತ್ತರ ಸುಮಾರಿಗೆ; ದಿನಕ್ಕೆ ಐವತ್ತು ನಿಮಿಷ ತಡ. ಇದು ಚಂದ್ರನ ಲೆಕ್ಕ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಅಷ್ಟು ತಿಳಿಯುತ್ತದೆ. ವಿಶಾಖಪಟ್ಟಣದ ಕಡೆ ದೊಡ್ಡ ಏರಿಳಿತವೆಂದರೆ ಒಂದೂವರೆ ಮೀಟರಿನ ಸುಮಾರು. ಹೆಚ್ಚೇನಲ್ಲ ಎನ್ನಬೇಡಿ. ಇಳಿತದಲ್ಲಿ ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಲು ಕುಳಿತವನ ಸುತ್ತ ಉಬ್ಬರ ಬಂದಾಗ ಎದೆಮಟ್ಟ ನೀರಾಗಲು ಆ ಒಂದೂವರೆ ಮೀಟರು ಸಾಕು. ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ನೀರು ಹೊರಕ್ಕೆ ರಭಸದಿಂದ ಓಡುತ್ತದೆ. ಅಲ್ಲಿ ಯಾವ ಕಾಲಕ್ಕೂ ಇಳಿಯತಕ್ಕದ್ದಲ್ಲ.

ಇನ್ನೊಂದಿದೆ. ಏಪ್ರಿಲ್, ಮೇ ತಿಂಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿಯಿಲ್ಲ, ಆದರೂ ಇದ್ದಕ್ಕಿದ್ದಂತೆ ಎತ್ತರದ ಅಲೆಗಳು ದಂಡೆಗೆ ಬಂದು ಹೊಡೆಯುತ್ತವೆ. ಸಾವಿರಾರು ಮೈಲಿ ದೂರದಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನ ಪ್ರಯಾಣ ಮಾಡಿ ನಮ್ಮ ತೀರ ಮುಟ್ಟುವ ಬಗೆ ಇದು. ಕೇರಳದ ಬೆಸ್ತರು ಇದಕ್ಕಿಟ್ಟ ಹೆಸರು ‘ಕಳ್ಳಕ್ಕಡಲ್’. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ದಂಡೆಯೊಂದರಲ್ಲಿ ಐವರು ವೈದ್ಯ ವಿದ್ಯಾರ್ಥಿಗಳು ಇಂಥ ಅಲೆಗೆ ಬಲಿಯಾದರು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರದವರು ಅಲೆಯ ಮುನ್ಸೂಚನೆ ಕೊಡುತ್ತಾರೆ. ಅದು ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಬರುತ್ತದೆ. ಹೊರಡುವ ಮುಂಚಿನ ಸಂಜೆ ಅದನ್ನು ನೋಡಿಕೊಳ್ಳುವುದು ಚಿತ್ರಾನ್ನಕ್ಕೆ ಅಕ್ಕಿ ನೆನೆಹಾಕುವಷ್ಟೇ ಮುಖ್ಯ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂಬ ಮಾತು ಕೇಳಿದರೆ ಅಂದಿನ ವಿಹಾರವನ್ನು ಗುಡ್ಡದ ಕಡೆಗೆ ತಿರುಗಿಸಿ.

ಎಲ್ಲಕ್ಕಿಂತ ನಂಬಬಹುದಾದ ಪಂಚಾಂಗವೆಂದರೆ ದಂಡೆಯ ಬೆಸ್ತರು. ಪೂರ್ವ ತೀರದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಂತ್ರದ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಮೀನು ಮರಿ ಹಾಕುವ ಕಾಲವೆಂದು ಸರ್ಕಾರದ ನಿಷೇಧ. ನಮ್ಮ ಮಲ್ಪೆ, ಮಂಗಳೂರಿನ ಕಡೆ ಇದೇ ನಿಷೇಧ ಜೂನ್, ಜುಲೈಗೆ ಬರುತ್ತದೆ. ಹೀಗಾಗಿ ನಮ್ಮ ಬೇಸಗೆಯ ವಿಹಾರದ ಹೊತ್ತಿಗೆ ಇಲ್ಲಿನ ಬೆಸ್ತರು ದಂಡೆಯಲ್ಲೇ ಬಲೆ ಹೆಣೆಯುತ್ತ, ದೋಣಿಗೆ ಬಣ್ಣ ಬಳಿಯುತ್ತ ಕುಳಿತಿರುತ್ತಾರೆ. ಮಾತಿಗೆ ಬಿಡುವಿರುತ್ತದೆ. “ಅಣ್ಣಾ, ಇಕ್ಕಡ ದಿಗೊಚ್ಚಾ?” ಎಂದರೆ ಇಲ್ಲಿ ಇಳಿಯಬಹುದೇ ಎಂದರ್ಥ. “ಲೋತು” ಎಂದರೆ ಆಳ, “ಕೆರಟಂ” ಎಂದರೆ ಅಲೆ. “ದಿಗೊದ್ದು” ಎಂದರೆ ಇಳಿಯಬೇಡ. ನಮ್ಮ ಕಿವಿಗೆ ಕೊನೆಯ ಭಾಗ ‘ಒದ್ದು’ ಎಂದು ಕೇಳಿಸಿ ಹೊಸಬರು ಗಾಬರಿಯಾಗುವುದುಂಟು. ಬೆಸ್ತ ಒದೆಯುವುದಿಲ್ಲ, ಆದರೆ ಅವನ ಆ ಮಾತನ್ನು ಮೀರಿ ಇಳಿದವನನ್ನು ಕಡಲು ಬಿಡುವುದಿಲ್ಲ. ಅಪಾಯದಲ್ಲಿ ಕೂಗುವ ಮಾತು “ಕಾಪಾಡಂಡಿ”. ಇದು ಕನ್ನಡವೇ ಎನ್ನುವಷ್ಟು ಹತ್ತಿರ.

ಪೂಡಿಮಡಕ, ತಂತಡಿಯಂಥ ದಂಡೆಗಳಲ್ಲಿ ಕಾಲು ತೋಯಿಸಿ, ಮರಳಲ್ಲಿ ಕುಳಿತು ಬರುವುದು ನನ್ನ ಸಲಹೆ. ಮುಳುಗಿ ಸ್ನಾನ ಮಾಡಲೇಬೇಕೆನ್ನುವವರು ಕಾವಲು ಈಜುಗಾರರಿರುವ ಋಷಿಕೊಂಡಕ್ಕೆ ಹೋಗಲಿ. 2020ರಲ್ಲಿ ‘ನೀಲಿ ಧ್ವಜ’ದ ಮನ್ನಣೆ ಪಡೆದ ದಂಡೆ ಅದು. ಅಲ್ಲಿಯೂ ಅವರು ಗುರುತು ಮಾಡಿದ ಜಾಗದಲ್ಲೇ ಇಳಿಯಬೇಕು. ಆರ್.ಕೆ. ಬೀಚು ನೋಡಲು ಚೆಂದ, ಸ್ನಾನಕ್ಕೆ ಒಳ್ಳೆಯದಲ್ಲ. ಹೆಂಡ ಕುಡಿದು ನೀರಿಗಿಳಿಯುವವರಿಗೆ ಈ ಪಾಠದಿಂದ ಪ್ರಯೋಜನವಿಲ್ಲ.

ಹೊತ್ತು, ಬಿಸಿಲು, ಬುತ್ತಿ

ಕಾರವಾರ, ಉಡುಪಿಯ ಕಡಲನ್ನು ಕಂಡವರಿಗೆ ಸೂರ್ಯ ನೀರಿನಲ್ಲಿ ಮುಳುಗುವುದು ಗೊತ್ತು. ಇಲ್ಲಿ ನೀರಿನಿಂದ ಹುಟ್ಟುತ್ತಾನೆ. ಅದೂ ಬೇಗ, ಮೇ ತಿಂಗಳಲ್ಲಿ ಐದೂವರೆಗೂ ಮುಂಚೆ, ಮಂಗಳೂರಿಗಿಂತ ಅರ್ಧ ಗಂಟೆಗೂ ಹೆಚ್ಚು ಮುಂದಾಗಿ. ಆದ್ದರಿಂದ ಈ ಕಡಲಿನ ಸೊಗಸೆಲ್ಲ ಬೆಳಗಿನದು. ಐದಕ್ಕೆ ದಂಡೆಯಲ್ಲಿದ್ದು ಎಂಟಕ್ಕೆ ನೆರಳು ಸೇರಿದವನು ಜಾಣ. ಹನ್ನೊಂದಕ್ಕೆ ಎದ್ದು ಹೊರಟು ಒಂದು ಗಂಟೆಗೆ ಮರಳಿನ ಮೇಲೆ ನಿಂತವನಿಗೆ ಕಡಲು ಹೆಂಚಿನಂತೆ.

ಮಧ್ಯಾಹ್ನದ ಹೊತ್ತಿಗೆ ಕಡಲಿನ ಕಡೆಯಿಂದ ಗಾಳಿ ಬೀಸುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಇದರಿಂದಲೇ ವಿಜಯವಾಡದಲ್ಲಿ 45 ಡಿಗ್ರಿ ಸುಡುವ ದಿನವೂ ವಿಶಾಖಪಟ್ಟಣದ ದಂಡೆ 35, 36ರಲ್ಲಿ ನಿಲ್ಲುವುದುಂಟು. ಆದರೆ ಈ ಗಾಳಿಯಲ್ಲಿ ತೇವ ಬಹಳ. ಬಳ್ಳಾರಿಯ ಬಿಸಿಲಿನಲ್ಲಿ ಬೆವರು ಬಂದದ್ದೇ ಆರಿ ಮೈ ತಂಪಾಗುತ್ತದೆ. ಇಲ್ಲಿ ಬೆವರು ಆರುವುದೇ ಇಲ್ಲ. “ನಮ್ಮೂರ ಬಿಸಿಲು ಇದಕ್ಕಿಂತ ಹೆಚ್ಚು” ಎಂದು ಹೆಮ್ಮೆಪಡುವ ರಾಯಚೂರಿನ ಮಿತ್ರರು ಇದನ್ನು ತಿಳಿಯಬೇಕು. ಉಷ್ಣಮಾಪಕದ ಅಂಕಿ ಕಡಿಮೆಯಿದ್ದರೂ ಮೈಗೆ ಆಗುವ ಪೆಟ್ಟು ಕಡಿಮೆಯಲ್ಲ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಯಲಿನಲ್ಲಿ ದುಡಿಯುವವರೂ ಮುದುಕರೂ ಅದರಲ್ಲಿ ಬಹಳ ಮಂದಿ. ಇಲ್ಲಿನವರು ಇದನ್ನು ‘ವಡದೆಬ್ಬ’ ಎನ್ನುತ್ತಾರೆ. ಮೈ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಸುಡುತ್ತಿದ್ದು ಮಾತು ತೊದಲಿದರೆ ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, 108 ಕರೆಯಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಬಾರದು.

ಕುಡಿಯಲು ಒಂದು ಲೀಟರು ಕಾಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಲೆಕ್ಕ. ಅಂಗಡಿಯ ಬಣ್ಣದ ಪಾನಕಕ್ಕಿಂತ ಇದು ಮೇಲು, ಅಗ್ಗವೂ ಹೌದು. ದಾರಿಯಲ್ಲಿ ಸಿಗುವ ‘ತಾಟಿ ಮುಂಜಲು’ ನಮ್ಮ ತಾಟಿನುಂಗೇ. ವಿಶಾಖಪಟ್ಟಣದ ಕಡೆಯ ಸುವರ್ಣರೇಖ ಮಾವನ್ನು ಒಂದು ಸಲವಾದರೂ ತಿನ್ನಿ. ಬಾದಾಮಿಯೇ ಹಣ್ಣು ಎಂಬ ನಮ್ಮ ಹಟ ಸ್ವಲ್ಪ ಸಡಿಲವಾಗುತ್ತದೆ.

ಬುತ್ತಿಯ ವಿಷಯದಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಕಟಕ ರೊಟ್ಟಿ, ಶೇಂಗಾ ಹಿಂಡಿ ಯಾವ ಬಿಸಿಲಿಗೂ ಕೆಡುವುದಿಲ್ಲ. ಪುಳಿಯೋಗರೆಯೂ ಸಂಜೆಯವರೆಗೆ ತಾಳುತ್ತದೆ. ಮೊಸರನ್ನವನ್ನು ಬೆಳಗ್ಗೆ ಮೊಸರಿನಲ್ಲೇ ಕಲಸಿದರೆ ಹನ್ನೆರಡಕ್ಕೆ ಹುಳಿ. ಕಾಸಿದ ಹಾಲಿನಲ್ಲಿ ಕಲಸಿ ಒಂದು ಚಮಚ ಮೊಸರು ಹಾಕಿದರೆ ಊಟದ ಹೊತ್ತಿಗೆ ಸರಿಯಾಗುತ್ತದೆ. ತೆಂಗಿನಕಾಯಿ ಹಾಕಿದ ಚಟ್ನಿ ಬೇಡವೇ ಬೇಡ.

ನೀರಿಗಿಳಿಯದ ವಿಹಾರಗಳು

ಎಲ್ಲಕ್ಕಿಂತ ಹತ್ತಿರದ್ದು ಕೊಂಡಕರ್ಲ ಆವ. ಅಚ್ಯುತಾಪುರಂ ಮಂಡಲದಲ್ಲೇ ಇರುವ ಸಿಹಿನೀರ ದೊಡ್ಡ ಕೆರೆ. ಕೆರೆಯ ದೇಶದಿಂದ ಬಂದ ನಮಗೆ ಕಡಲಿಗಿಂತ ಇದೇ ಮನಸ್ಸಿಗೆ ಹತ್ತಿರ. ತಾವರೆ, ನೀರುಹಕ್ಕಿ, ಸುತ್ತ ಗುಡ್ಡ. ತಾಳೆಮರದ ಬೊಡ್ಡೆಗಳನ್ನು ಕೊರೆದು ಜೋಡಿಸಿದ ದೋಣಿಯಲ್ಲಿ ಕೂರಿಸಿ ಹುಟ್ಟುಹಾಕುತ್ತಾರೆ. ದೋಣಿ ಅಲುಗಾಡಿದರೆ ಎದ್ದು ನಿಲ್ಲಬಾರದು ಎಂಬುದಷ್ಟೇ ಇಲ್ಲಿಯ ನಿಯಮ.

ಅನಕಾಪಲ್ಲಿಯ ಬೆಲ್ಲದ ಪೇಟೆ ದೇಶಕ್ಕೇ ಹೆಸರಾದದ್ದು. ಮಂಡ್ಯದವರು ಹೋಗಿ ರುಚಿ ನೋಡಿ ತೀರ್ಪು ಹೇಳಲಿ. ಊರಿನ ಪಕ್ಕದ ಶಂಕರಂ ಹಳ್ಳಿಯಲ್ಲಿ ಬೊಜ್ಜನ್ನಕೊಂಡ, ಲಿಂಗಾಲಕೊಂಡ ಎಂಬ ಎರಡು ಗುಡ್ಡಗಳಿವೆ. ‘ಸಂಘಾರಾಮ’ ಎಂಬ ಮಾತೇ ಶಂಕರಂ ಆಗಿದೆ ಎನ್ನುತ್ತಾರೆ. ಬಂಡೆಯಲ್ಲಿ ಕೊರೆದ ಗುಹೆಗಳು, ಬುದ್ಧನ ಮೂರ್ತಿಗಳು, ಸಾಲುಸಾಲಾಗಿ ಕಲ್ಲಿನಲ್ಲೇ ಕಡೆದ ಚಿಕ್ಕ ಸ್ತೂಪಗಳು. ಆ ಸ್ತೂಪಗಳು ದೂರಕ್ಕೆ ಲಿಂಗದಂತೆ ಕಂಡು ಜನ ಗುಡ್ಡಕ್ಕೆ ಲಿಂಗಗಳ ಹೆಸರಿಟ್ಟರು. ಕಲಬುರಗಿಯ ಸನ್ನತಿಯ ಸ್ತೂಪವನ್ನು ನೋಡಿದವರು ಇದನ್ನೂ ನೋಡಿ ಹೋಲಿಸಬೇಕು.

ಬಸ್ಸಿನ ಬೋರ್ಡು ತೆಲುಗಿನಲ್ಲಿರುತ್ತದೆಂದು ಅಂಜಬೇಡಿ. ಎರಡು ಲಿಪಿಗೂ ಒಂದೇ ತಾಯಿ. ನಮ್ಮ ತಲೆಕಟ್ಟು ಅಡ್ಡಗೆರೆಯಂತಿದ್ದರೆ ಅವರದು ಹಾಜರಿ ಪುಸ್ತಕದ ಸರಿ ಗುರುತಿನಂತಿರುತ್ತದೆ. ಇದೊಂದನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಮುಕ್ಕಾಲು ಪಾಲು ಅಕ್ಷರ ತಾನಾಗಿ ಬರುತ್ತದೆ.

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಮರಳಿನ ಮೇಲೆ ನಿಲ್ಲಿಸಿದ ‘ಕುರ್ಸುರಾ’ ಜಲಾಂತರ್ಗಾಮಿಯೊಳಗೆ ನಡೆದು ನೋಡಬಹುದು. ರಷ್ಯದಲ್ಲಿ ಕಟ್ಟಿದ ಹಡಗು; 1969ರಿಂದ 2001ರವರೆಗೆ ನೌಕಾಪಡೆಯ ಸೇವೆಯಲ್ಲಿತ್ತು, 2002ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಾವಿಕರು ಮಲಗುತ್ತಿದ್ದ ಜಾಗವನ್ನು ನೋಡಿದ ಮೇಲೆ ನಮ್ಮ ಬಾಡಿಗೆ ಕೋಣೆ ಇಕ್ಕಟ್ಟೆಂದು ಯಾರೂ ಗೊಣಗಲಾರರು.

ಸಿಂಹಾಚಲ ಕನ್ನಡಿಗರು ತಪ್ಪದೆ ನೋಡತಕ್ಕ ಸ್ಥಳ. ಹಂಪೆಯ ಕೃಷ್ಣದೇವರಾಯ ಕಳಿಂಗ ದಂಡಯಾತ್ರೆಯಲ್ಲಿ ಇಲ್ಲಿಗೆ ಬಂದು ವರಾಹ ನರಸಿಂಹನಿಗೆ ಆಭರಣಗಳನ್ನು ಒಪ್ಪಿಸಿದ್ದು 1516ರಲ್ಲಿ. ದೇಗುಲದಲ್ಲಿ ಅವನ ಶಾಸನಗಳಿವೆ. ರಾಣಿಯರಾದ ತಿರುಮಲದೇವಿ, ಚಿನ್ನಾದೇವಿಯರ ಹೆಸರೂ ಬರುತ್ತದೆ. ರೈಲು, ಬಸ್ಸು ಇಲ್ಲದ ಕಾಲದಲ್ಲಿ ಅವರು ಹೊಸಪೇಟೆ ಸೀಮೆಯಿಂದ ಇಲ್ಲಿಯವರೆಗೆ ಬಂದ ದಾರಿಯನ್ನು ನಕಾಶೆಯಲ್ಲಿ ಬೆರಳಿಟ್ಟು ನೋಡಿ. ದೇವರು ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತಾನೆ. ವೈಶಾಖ ಶುದ್ಧ ತದಿಗೆ, ಎಂದರೆ ಅಕ್ಷಯ ತೃತೀಯದ ಒಂದು ದಿನ ಮಾತ್ರ ನಿಜರೂಪ. ಅಂದು ಜನಸಾಗರ. 2025ರ ಏಪ್ರಿಲ್ 30ರ ಚಂದನೋತ್ಸವದ ನಸುಕಿನಲ್ಲಿ ಗೋಡೆ ಕುಸಿದು ಸಾಲಿನಲ್ಲಿ ನಿಂತ ಭಕ್ತರು ಮಡಿದರು. ಚಿಕ್ಕ ಮಕ್ಕಳಿರುವವರು ಬೇರೆ ದಿನ ಹೋದರೆ ದೇವರು ಬೇಸರಪಡುವುದಿಲ್ಲ.

ಭೀಮಿಲಿಯ ದಾರಿ ನನ್ನ ಮೆಚ್ಚಿನದು. ಸುಮಾರು 25 ಕಿಲೋಮೀಟರ್, ಬಲಗಡೆ ಕಡಲು, ಎಡಗಡೆ ಗುಡ್ಡ. ಆ ಗುಡ್ಡಗಳಲ್ಲೊಂದು ತೊಟ್ಲಕೊಂಡ. ನಮ್ಮ ‘ತೊಟ್ಟಿ’ ಎಂಬ ಮಾತೇ ಅದು. ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಭಿಕ್ಷುಗಳು ಮಳೆಯ ನೀರನ್ನು ಹಿಡಿದಿಡಲು ಬಂಡೆಯಲ್ಲಿ ತೊಟ್ಟಿಗಳನ್ನು ಕೊರೆದರು. 1976ರಲ್ಲಿ ನೌಕಾಪಡೆಯವರು ವಿಮಾನದಿಂದ ಸಮೀಕ್ಷೆ ಮಾಡುವಾಗ ಈ ಅವಶೇಷಗಳು ಗಮನಕ್ಕೆ ಬಂದವು. ಮೇಲೆ ನಿಂತು ಕೆಳಗಿನ ಕಡಲನ್ನು ನೋಡಿದರೆ ನಾನು ಮೇಲೆ ಹೇಳಿದ ಸೆಳೆತದ ಓಣಿಗಳು ನಕಾಶೆಯಲ್ಲಿ ಬರೆದಂತೆ ಕಾಣುತ್ತವೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕರಿಹಲಗೆ ಸಿಗದು.

ಮುಂದೆ ಎರ್ರಮಟ್ಟಿ ದಿಬ್ಬಲು, ಅಂದರೆ ಕೆಮ್ಮಣ್ಣಿನ ದಿಬ್ಬಗಳು. ಹಿಮಯುಗದಲ್ಲಿ ಕಡಲು ಬಹು ದೂರ ಹಿಂದೆ ಸರಿದಿತ್ತು. ಬಯಲಾದ ಮರಳನ್ನು ಗಾಳಿ ತಂದು ಇಲ್ಲಿ ಗುಡ್ಡೆ ಹಾಕಿತು. ಅದರೊಳಗಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಯಿತು. ಮಳೆ ಕೊರೆದು ಕೊರಕಲುಗಳಾದವು. 2014ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಇದನ್ನು ರಾಷ್ಟ್ರೀಯ ಭೂಪರಂಪರೆಯ ತಾಣವೆಂದು ಗುರುತಿಸಿತು. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದಾಗ ಅದೇ ಪಟ್ಟಿಯಲ್ಲಿ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳೂ ಇದ್ದವು. ದಿಬ್ಬದ ಮಣ್ಣು ಸಡಿಲ. ಅಂಚಿನ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ.

ಭೀಮಿಲಿಯಲ್ಲಿ ಡಚ್ಚರ ಹಳೆಯ ಗೋರಿಗಳಿವೆ. ವ್ಯಾಪಾರಕ್ಕೆ ಬಂದು, ಊರಿಗೆ ಮರಳದೆ ಇಲ್ಲೇ ಮಣ್ಣಾದ ಗುಮಾಸ್ತರೂ ನಾವಿಕರೂ ಅವರಲ್ಲಿದ್ದಿರಬೇಕು. ಗೋಸ್ತನಿ ಹೊಳೆ ಕಡಲು ಸೇರುವುದೂ ಅಲ್ಲಿಯೇ. ಅದು ಅಳಿವೆ, ಮೇಲೆ ಹೇಳಿದ ಎಚ್ಚರಿಕೆ ನೆನಪಿರಲಿ. ಅಲ್ಲಿಂದ ಅಚ್ಯುತಾಪುರಂಗೆ ವಿಶಾಖಪಟ್ಟಣವನ್ನು ಹಾದೇ ಬರಬೇಕು, ಬಸ್ಸು ಕಾಯುವ ಹೊತ್ತೂ ಸೇರಿ ಮೂರು ತಾಸಿನ ದಾರಿ. ಸೋಮವಾರ ಮೊದಲ ಪಾಳಿಯವರು ನಾಲ್ಕು ಗಂಟೆಗೇ ಹೊರಡುವುದು ಒಳ್ಳೆಯದು.